ಯಾರೋ ಕಟ್ಟಿಟ್ಟು ಹೋದ ಲಿನಕ್ಸ್ ಸರ್ವರ್: ವ್ಯವಹಾರ ನಿಲ್ಲಿಸದೆ ಅಪ್‌ಗ್ರೇಡ್ ಮಾಡುವುದು ಹೇಗೆ?

2024ರ ಜುಲೈ ಕೊನೆಯ ವಾರ ಗುಜರಾತ್‌ನ 17 ಜಿಲ್ಲಾ ಸಹಕಾರಿ ಬ್ಯಾಂಕ್‌ಗಳ ಗ್ರಾಹಕರಿಗೆ ಯುಪಿಐ, ಆರ್‌ಟಿಜಿಎಸ್ ಎರಡೂ ಕೈಕೊಟ್ಟವು. ಕಳುಹಿಸಿದವರ ಖಾತೆಯಿಂದ ಹಣ ಕಡಿತವಾಗುತ್ತಿದೆ, ಪಡೆಯಬೇಕಾದವರಿಗೆ ಜಮೆಯಾಗುತ್ತಿಲ್ಲ ಎಂದು ಇಫ್ಕೋ ಅಧ್ಯಕ್ಷ ದಿಲೀಪ್ ಸಂಘಾನಿ ಆಗ ಹೇಳಿದ್ದರು. ದೇಶದಾದ್ಯಂತ ಸುಮಾರು 300 ಸಣ್ಣ ಬ್ಯಾಂಕ್‌ಗಳದ್ದು ಇದೇ ಕಥೆ. ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಕಾರಣ ತಿಳಿಸಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದಿರುವ ಸಾಧ್ಯತೆ ಇದೆ, ಹಾಗಾಗಿ ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿತಗೊಳಿಸಲಾಗಿದೆ ಎಂದಿತು. ಸಂಪರ್ಕ ಮರಳಿದ್ದು ಆಗಸ್ಟ್ 1ಕ್ಕೆ.

ದೇಶದ ಒಟ್ಟು ಪಾವತಿ ವ್ಯವಹಾರದಲ್ಲಿ ಈ ಬ್ಯಾಂಕ್‌ಗಳ ಪಾಲು ಶೇ 0.5ರಷ್ಟು ಮಾತ್ರ ಎಂದು ಆಗ ವರದಿಯಾಗಿತ್ತು. ಆದರೆ ಸಾಲದ ಕಂತು, ಬೆಳೆ ಮಾರಿದ ಹಣ ಎಲ್ಲವನ್ನೂ ಅದೇ ಜಿಲ್ಲಾ ಬ್ಯಾಂಕ್‌ನಲ್ಲಿ ಇಟ್ಟುಕೊಂಡ ರೈತನಿಗೆ ಅದು ಶೇ 100.

ದಾಳಿಕೋರರು ಎಲ್ಲಿಂದ ನುಗ್ಗಿದರು? ಬೆಂಗಳೂರು ಮೂಲದ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ತನ್ನ ವರದಿಯಲ್ಲಿ, ಸಿ-ಎಡ್ಜ್ ಜೊತೆ ಕೆಲಸ ಮಾಡುವ ಬ್ರಾಂಟೂ ಟೆಕ್ನಾಲಜಿ ಸೊಲ್ಯೂಷನ್ಸ್ ಎಂಬ ಕಂಪನಿಯ ಒಂದು ಜೆಂಕಿನ್ಸ್ ಸರ್ವರ್ ಕಡೆ ಬೊಟ್ಟು ಮಾಡಿತು. ಜೆಂಕಿನ್ಸ್ ಎಂದರೆ ಸಾಫ್ಟ್‌ವೇರ್ ಕಂಪನಿಗಳು ತಮ್ಮ ಕೋಡ್ ಅನ್ನು ತಾನಾಗಿಯೇ ಪರೀಕ್ಷಿಸಿ, ಬೇರೆ ಸರ್ವರ್‌ಗಳಿಗೆ ತಲುಪಿಸಲು ಬಳಸುವ ಸಾಧನ. ಬೇರೆ ಸರ್ವರ್‌ಗಳಿಗೆ ಹೋಗುವ ಬೀಗದ ಕೈಗಳೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಅದರ ಆದೇಶ ಓದುವ ಭಾಗದಲ್ಲಿ ಒಂದು ದೋಷವಿತ್ತು. ಫೈಲ್ ಹೆಸರಿನ ಮುಂದೆ 'ಆಟ್' ಚಿಹ್ನೆ ಹಾಕಿ ಕಳುಹಿಸಿದರೆ, ಲಾಗಿನ್ ಆಗದವರಿಗೂ ಆ ಫೈಲ್‌ನ ಒಂದಷ್ಟು ಸಾಲುಗಳು ಸಿಕ್ಕಿಬಿಡುತ್ತಿದ್ದವು. ಈ ದೋಷಕ್ಕೆ ಜೆಂಕಿನ್ಸ್ ತಂಡ ಪರಿಹಾರ ಬಿಡುಗಡೆ ಮಾಡಿದ್ದು 2024ರ ಜನವರಿ 24ರಂದು. ಗುಜರಾತ್‌ನ ಬ್ಯಾಂಕ್‌ಗಳು ಸ್ತಬ್ಧವಾಗುವುದಕ್ಕೆ ಆರು ತಿಂಗಳು ಮೊದಲು.

ಅಪ್‌ಡೇಟ್ ಇದ್ದರೂ ಸರ್ವರ್‌ಗಳು ಹಳೆಯದಾಗಿಯೇ ಉಳಿಯುವುದು ಯಾಕೆ? ಸೂರತ್‌ನ ರಿಂಗ್ ರೋಡ್ ಜವಳಿ ಮಾರುಕಟ್ಟೆಯ ಸಗಟು ವ್ಯಾಪಾರಿ ಇರಲಿ, ವಡೋದರಾದ ಮಕರ್‌ಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆ ಇರಲಿ, ಅಹಮದಾಬಾದ್‌ನ ಸಹಕಾರಿ ಸಂಘವಿರಲಿ, ನಮ್ಮ ದಾವಣಗೆರೆ, ಹುಬ್ಬಳ್ಳಿಯ ಪತ್ತಿನ ಸಂಘವೇ ಇರಲಿ, ಉತ್ತರ ಒಂದೇ. 'ನಡೀತಾ ಇದೆಯಲ್ಲ, ಮುಟ್ಟೋದು ಬೇಡ.' ಈ ಭಯ ಪೂರ್ತಿ ಸುಳ್ಳೂ ಅಲ್ಲ. ಅದರಲ್ಲೂ ಸರ್ವರ್‌ನ ಸಾಫ್ಟ್‌ವೇರ್ ಅನ್ನು ಯಾರೋ ಕೈಯಾರೆ ಕಂಪೈಲ್ ಮಾಡಿ ಕೂರಿಸಿದ್ದರೆ ಮುಟ್ಟಲು ಹೆದರುವುದು ಸಹಜ.

ಕೈಯಾರೆ ಕಂಪೈಲ್ ಮಾಡುವುದು ಎಂದರೆ?

ರೆಡಿಮೇಡ್ ಶರ್ಟ್‌ಗೂ ಟೈಲರ್ ಹೊಲಿದ ಶರ್ಟ್‌ಗೂ ಇರುವ ವ್ಯತ್ಯಾಸ ಇದು. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನಂಥ ಲಿನಕ್ಸ್ ವಿತರಣೆಗಳು ಅಪಾಚಿ, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮುಂತಾದವನ್ನು ಸಿದ್ಧ ಪ್ಯಾಕೇಜ್‌ಗಳಾಗಿ ಕೊಡುತ್ತವೆ. ಒಂದು ಆದೇಶ ಕೊಟ್ಟರೆ ಎಲ್ಲವೂ ಅಪ್‌ಡೇಟ್ ಆಗುತ್ತವೆ. ಆದರೆ ಹತ್ತು, ಹದಿನೈದು ವರ್ಷಗಳ ಹಿಂದೆ ಈ ಪ್ಯಾಕೇಜ್‌ಗಳು ಹಳೆಯ ಆವೃತ್ತಿಯಲ್ಲೇ ಇರುತ್ತಿದ್ದವು. ಹೊಸ ಪಿಎಚ್‌ಪಿ ಬೇಕು, ಯಾವುದೋ ವಿಶೇಷ ಸೌಲಭ್ಯ ಬೇಕು ಎಂದರೆ ಎಂಜಿನಿಯರ್‌ಗಳು ಮೂಲ ಕೋಡ್ ಇಳಿಸಿಕೊಂಡು, ತಮಗೆ ಬೇಕಾದ ಆಯ್ಕೆಗಳನ್ನು ಸೇರಿಸಿ, ಸರ್ವರ್‌ನಲ್ಲೇ ಕಂಪೈಲ್ ಮಾಡುತ್ತಿದ್ದರು. ಕೆಲವರು ಲಿನಕ್ಸ್ ಕರ್ನಲ್ ಅನ್ನೂ ಹಾಗೇ ಕಟ್ಟುತ್ತಿದ್ದರು. ಆ ಕಾಲಕ್ಕೆ ಅದು ಹೆಮ್ಮೆಯ ಕೆಲಸವೂ ಹೌದು.

ಸಮಸ್ಯೆ ಆಮೇಲಿನದು. ಟೈಲರ್ ಊರು ಬಿಟ್ಟಿದ್ದಾನೆ, ಅಳತೆ ಪುಸ್ತಕವೂ ಅವನ ಜೊತೆಗೇ ಹೋಗಿದೆ. ಹೀಗೆ ಕೂರಿಸಿದ ಸಾಫ್ಟ್‌ವೇರ್ ಬಗ್ಗೆ ಪ್ಯಾಕೇಜ್ ವ್ಯವಸ್ಥೆಗೆ ಏನೂ ಗೊತ್ತಿರುವುದಿಲ್ಲ. ನೀವು ಅಪ್‌ಡೇಟ್ ಆದೇಶ ಕೊಟ್ಟರೆ 'ಎಲ್ಲವೂ ಹೊಸದಾಗಿದೆ' ಎಂಬ ಉತ್ತರ ಬರುತ್ತದೆ. ನಿಜವಾಗಿ ಕೆಲಸ ಮಾಡುತ್ತಿರುವ ಅಪಾಚಿ ಮಾತ್ರ 2012ರದ್ದೇ ಆಗಿರುತ್ತದೆ.

2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ವರೆಗಿನ ಆವೃತ್ತಿಗಳಲ್ಲಿ ಆ ದೋಷವಿತ್ತು. ರೆಡ್ ಹ್ಯಾಟ್ 6 ಬಳಸುತ್ತಿದ್ದುದು 1.0.1ಇ. ಕಂಪನಿ ಆವೃತ್ತಿ ಸಂಖ್ಯೆ ಬದಲಿಸದೆ ದೋಷವನ್ನಷ್ಟೇ ಸರಿಪಡಿಸಿ ಪ್ಯಾಕೇಜ್ ಕಳುಹಿಸಿತು. ಪ್ಯಾಕೇಜ್ ಬಳಸಿದವರು ಅಂದೇ ಸುರಕ್ಷಿತರಾದರು. ಅದೇ 1.0.1ಇ ಅನ್ನು ಕೈಯಾರೆ ಕಂಪೈಲ್ ಮಾಡಿಕೊಂಡವರ ಬಾಗಿಲು ತೆರೆದೇ ಇತ್ತು. ಇನ್ನೂ ಕೆಟ್ಟದ್ದೆಂದರೆ, ಕೆಲವರು ಓಪನ್‌ಎಸ್‌ಎಸ್‌ಎಲ್ ಅನ್ನು ಅಪಾಚಿಯ ಒಳಗೇ ಸೇರಿಸಿ ಕಟ್ಟಿರುತ್ತಾರೆ. ಆಗ ಹೊರಗಿನ ಲೈಬ್ರರಿ ಅಪ್‌ಡೇಟ್ ಮಾಡಿದರೂ ಒಳಗಿನದು ಹಾಗೇ ಉಳಿಯುತ್ತದೆ.

ಯಾರೂ ದಾಳಿ ಮಾಡದಿದ್ದರೂ ಕೆಟ್ಟು ನಿಲ್ಲುತ್ತದೆ

ನಮ್ಮ ಸಣ್ಣ ಅಂಗಡಿಯ ಸರ್ವರ್ ಮೇಲೆ ಯಾರಿಗೆ ಕಣ್ಣು ಎನ್ನುವವರಿಗೆ ಇನ್ನೊಂದು ದಿನಾಂಕ: 2021ರ ಸೆಪ್ಟೆಂಬರ್ 30. ಉಚಿತ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಆಧಾರವಾಗಿ ಬಳಸುತ್ತಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕೂ ಹಳೆಯ ಆವೃತ್ತಿ ಇದ್ದ ಸರ್ವರ್‌ಗಳು ಆ ಪ್ರಮಾಣಪತ್ರ ಬಳಸುವ ತಾಣಗಳ ಜೊತೆ ಮಾತನಾಡಲು ನಿರಾಕರಿಸಿದವು. ಅಂದು ಯಾವ ಹ್ಯಾಕರ್‌ನ ಕೈವಾಡವೂ ಇರಲಿಲ್ಲ. ಟಿಎಲ್‌ಎಸ್ 1.2 ಎಂಬ ಭದ್ರತಾ ವಿಧಾನದ್ದೂ ಇದೇ ಕಥೆ. ಕಾರ್ಡ್ ಪಾವತಿ ಉದ್ಯಮ ಅದಕ್ಕಿಂತ ಹಳೆಯ ಟಿಎಲ್‌ಎಸ್ 1.0 ಅನ್ನು ಕೈಬಿಡಲು 2018ರ ಜೂನ್ 30ರ ಗಡುವು ಹಾಕಿತ್ತು. ಓಪನ್‌ಎಸ್‌ಎಸ್‌ಎಲ್ 0.9.8 ಇದ್ದ ಸರ್ವರ್‌ಗಳಿಗೆ 1.2 ಗೊತ್ತೇ ಇರಲಿಲ್ಲ.

ಪರವಾನಗಿ ವೆಚ್ಚ ಉಳಿಸಲು ಭಾರತದ ಸಣ್ಣ ಸಂಸ್ಥೆಗಳು ಹೆಚ್ಚಾಗಿ ಆತುಕೊಂಡಿದ್ದ ಸೆಂಟ್‌ಓಎಸ್ 7ರ ಬೆಂಬಲವೂ 2024ರ ಜೂನ್ 30ಕ್ಕೆ ಮುಗಿದಿದೆ. ಇದ್ದಲ್ಲೇ ಮುಂದಿನ ಆವೃತ್ತಿಗೆ ಏರಿಸುವ 'ಎಲಿವೇಟ್' ಎಂಬ ಸಾಧನವನ್ನು ಆಲ್ಮಾಲಿನಕ್ಸ್ ತಂಡ ಕೊಟ್ಟಿದೆ. ಆದರೆ ಅದು ಏರಿಸುವುದು ತನಗೆ ಗೊತ್ತಿರುವ ಪ್ಯಾಕೇಜ್‌ಗಳನ್ನು. ಕೈಯಾರೆ ಕಟ್ಟಿದ ಅಪಾಚಿ ಅದರ ಲೆಕ್ಕದಲ್ಲೇ ಇಲ್ಲ. ಅಪ್‌ಗ್ರೇಡ್ ಮುಗಿದ ಮೇಲೆ ಅದು ಹುಡುಕುವ ಹಳೆಯ ಲೈಬ್ರರಿಗಳು ಕಾಣೆಯಾಗಿ, ಸೇವೆ ಏಳುವುದೇ ಇಲ್ಲ. ಮಧ್ಯರಾತ್ರಿ ಎರಡು ಗಂಟೆಗೆ ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಸಿಕ್ಕಿಕೊಳ್ಳುವುದು ಹೀಗೆ.

ಆದ್ದರಿಂದ ಇಂಥ ಸರ್ವರ್‌ಗೆ ದಾರಿ ಒಂದೇ: ಹಳೆಯದನ್ನು ಅದರ ಪಾಡಿಗೆ ನಡೆಯಲು ಬಿಟ್ಟು, ಪಕ್ಕದಲ್ಲೇ ಹೊಸದನ್ನು ಕಟ್ಟಿ, ಎಲ್ಲ ಸಿದ್ಧವಾದ ಮೇಲೆ ಗ್ರಾಹಕರನ್ನು ಅತ್ತ ತಿರುಗಿಸುವುದು.

ಮೊದಲು ಪಟ್ಟಿ, ಆಮೇಲೆ ಮಿಕ್ಕಿದ್ದು

ಹಳೆಯ ಸರ್ವರ್‌ನಲ್ಲಿ ಏನೇನಿದೆ ಎಂದು ತಿಳಿಯುವುದಕ್ಕೇ ಅರ್ಧ ಕೆಲಸ. ಅದೃಷ್ಟವಶಾತ್ ಕಟ್ಟಿದವರು ಬಿಟ್ಟುಹೋದ ಹೆಜ್ಜೆಗುರುತುಗಳು ಅಲ್ಲೇ ಇರುತ್ತವೆ. ಪಿಎಚ್‌ಪಿಗೆ ಅದರದೇ ಮಾಹಿತಿ ಕೇಳಿದರೆ, ಯಾವ ಆಯ್ಕೆಗಳೊಂದಿಗೆ ತನ್ನನ್ನು ಕಂಪೈಲ್ ಮಾಡಲಾಯಿತು ಎಂಬ ಪೂರ್ತಿ ಸಾಲನ್ನು ತೋರಿಸುತ್ತದೆ. ಎನ್‌ಜಿನ್‌ಎಕ್ಸ್‌ಗೆ ಆವೃತ್ತಿ ಕೇಳುವ ಆದೇಶದಲ್ಲಿ ದೊಡ್ಡ ಅಕ್ಷರದ 'ವಿ' ಬಳಸಿದರೂ ಅಷ್ಟೇ. ಅಪಾಚಿ ತನ್ನ ಬಿಲ್ಡ್ ಫೋಲ್ಡರ್‌ನಲ್ಲಿ 'ಕಾನ್ಫಿಗ್ ಡಾಟ್ ನೈಸ್' ಎಂಬ ಫೈಲ್ ಇಟ್ಟಿರುತ್ತದೆ. ಟೈಲರ್ ಬಿಟ್ಟುಹೋದ ಅಳತೆ ಚೀಟಿ ಎಂದರೆ ಇದೇ.

ಆಮೇಲೆ ಯಾವ ಪೋರ್ಟ್‌ಗಳಲ್ಲಿ ಯಾವ ಪ್ರೋಗ್ರಾಂ ಕಾಯುತ್ತಿದೆ ನೋಡಬೇಕು. ಸರ್ವರ್ ಆನ್ ಆದಾಗ ತಾನಾಗಿ ಓಡುವ ಹಳೆಯ ಸ್ಕ್ರಿಪ್ಟ್‌ಗಳನ್ನು ತೆರೆದು ಓದಬೇಕು. ಕ್ರಾನ್ ಎಂಬ ವೇಳಾಪಟ್ಟಿಯನ್ನು ಪ್ರತಿ ಬಳಕೆದಾರರ ಹೆಸರಲ್ಲೂ ತೆಗೆದು ನೋಡಬೇಕು. ಕೆಲಸ ಬಿಟ್ಟು ಐದು ವರ್ಷವಾದ ನೌಕರನ ಖಾತೆಯಿಂದಲೇ ಪ್ರತಿ ರಾತ್ರಿ ಬ್ಯಾಕಪ್ ನಡೆಯುತ್ತಿರುವುದು ಅಪರೂಪವೇನಲ್ಲ. ಇದೆಲ್ಲ ಒಂದು ವಾರದ ಕೆಲಸ. ಆದರೆ ಇದರಲ್ಲಿ ಡೌನ್‌ಟೈಮ್ ಒಂದು ಸೆಕೆಂಡೂ ಇಲ್ಲ.

ಹೊಸ ಸರ್ವರ್‌ಗೆ ದೀರ್ಘ ಬೆಂಬಲದ ವಿತರಣೆಯನ್ನೇ ಆರಿಸಿ. ಆಲ್ಮಾಲಿನಕ್ಸ್ 9ಕ್ಕೆ 2032ರ ವರೆಗೆ, ಉಬುಂಟು 24.04ಕ್ಕೆ 2029ರ ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತವೆ. ಹಳೆಯ ಪಟ್ಟಿಯಲ್ಲಿದ್ದುದೆಲ್ಲ ಪ್ಯಾಕೇಜ್ ರೂಪದಲ್ಲೇ ಸಿಗುತ್ತದೆಯೇ ನೋಡಿ. ಬಹುಪಾಲು ಸಿಗುತ್ತದೆ. ಮತ್ತೆ ಕೈಯಾರೆ ಕಂಪೈಲ್ ಮಾಡುವ ಚಪಲ ಬೇಡ. ತೀರಾ ಅನಿವಾರ್ಯವಾದರೆ ಅದನ್ನೂ ಪ್ಯಾಕೇಜ್ ಆಗಿ ಮಾಡಿ, ಮಾಡಿದ ವಿಧಾನ ಬರೆದಿಟ್ಟು ಕೂರಿಸಿ.

ಡೇಟಾ ಸಾಗಿಸುವುದು: ಎರಡು ಸುತ್ತಿನ ಕೆಲಸ

400 ಜಿಬಿ ಡೇಟಾ ಇದೆ, ಸಂಪರ್ಕದ ವೇಗ 100 ಎಂಬಿಪಿಎಸ್ ಎಂದುಕೊಳ್ಳಿ. ಲೆಕ್ಕದ ಪ್ರಕಾರವೇ ಸಾಗಿಸಲು ಸುಮಾರು 9 ಗಂಟೆ ಬೇಕು. ಅಷ್ಟು ಹೊತ್ತು ಸೇವೆ ನಿಲ್ಲಿಸುವ ಅಗತ್ಯವಿಲ್ಲ. ಆರ್‌ಸಿಂಕ್ ಎಂಬ ಸಾಧನದಿಂದ ಮೊದಲ ಸುತ್ತನ್ನು ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಮುಗಿಸಬೇಕು. ಕೊನೆಯ ರಾತ್ರಿ ಇನ್ನೊಮ್ಮೆ ಓಡಿಸಿದರೆ ಈ ನಡುವೆ ಬದಲಾದ ಫೈಲ್‌ಗಳಷ್ಟೇ ಹೋಗುತ್ತವೆ, ಕೆಲವು ನಿಮಿಷ ಸಾಕು. ಲಕ್ಷಗಟ್ಟಲೆ ಸಣ್ಣ ಫೈಲ್‌ಗಳಿದ್ದರೆ ಮಾತ್ರ ಹೋಲಿಸುವುದಕ್ಕೇ ಹೊತ್ತು ಹಿಡಿಯುತ್ತದೆ, ಮೊದಲೇ ಒಮ್ಮೆ ಗಡಿಯಾರ ಇಟ್ಟು ನೋಡಿಕೊಳ್ಳಿ. ಇಲ್ಲೊಂದು ಸಣ್ಣ ತೊಡಕೂ ಇದೆ. 2021ರ ನಂತರದ ಓಪನ್‌ಎಸ್‌ಎಸ್‌ಎಚ್ ಆವೃತ್ತಿಗಳು ಹಳೆಯ ಮಾದರಿಯ ಸಹಿಯನ್ನು ಒಪ್ಪುವುದಿಲ್ಲ. ಹಾಗಾಗಿ ಹೊಸ ಸರ್ವರ್ ಹಳೆಯದರ ಜೊತೆ ಮಾತನಾಡಲು ಮೊಂಡುಹಿಡಿಯಬಹುದು. ಆ ಒಂದು ಸಂಪರ್ಕಕ್ಕಷ್ಟೇ ತಾತ್ಕಾಲಿಕ ವಿನಾಯಿತಿ ಕೊಟ್ಟು, ಕೆಲಸ ಮುಗಿದ ಮೇಲೆ ತೆಗೆಯಬೇಕು.

ಡೇಟಾಬೇಸ್ ಫೈಲ್‌ಗಳನ್ನು ಮಾತ್ರ ಹೀಗೆ ನಕಲು ಮಾಡಲೇಬಾರದು. ಅದು ನಡೆಯುತ್ತಿರುವಾಗ ನಕಲು ಮಾಡಿದರೆ ಅರ್ಧ ಬರೆದ ಪುಟಗಳು ಬಂದು, ಹೊಸ ಕಡೆ ತೆರೆಯದೇ ಹೋಗಬಹುದು. ಬದಲಿಗೆ ರೆಪ್ಲಿಕೇಷನ್ ಬಳಸಬೇಕು. ಹಳೆಯ ಡೇಟಾಬೇಸ್‌ನಲ್ಲಿ ನಡೆಯುವ ಪ್ರತಿ ಬದಲಾವಣೆಯೂ ಆಗಿಂದಾಗಲೇ ಹೊಸದಕ್ಕೆ ತಲುಪುವ ವ್ಯವಸ್ಥೆ ಇದು. ಮೈಎಸ್‌ಕ್ಯೂಎಲ್‌ನಲ್ಲಿ ಇದು ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಮಾತ್ರ ಅಧಿಕೃತವಾಗಿ ನಡೆಯುತ್ತದೆ: 5.6ರಿಂದ 5.7ಕ್ಕೆ, 5.7ರಿಂದ 8.0ಗೆ. ಇನ್ನೂ ಹಳೆಯದಿದ್ದರೆ ಪೂರ್ತಿ ಡಂಪ್ ತೆಗೆದು ತುಂಬಿಸುವುದೇ ನೆಟ್ಟಗಿನ ದಾರಿ. ಅದಕ್ಕೆ ತಗಲುವ ಸಮಯವೇ ನಿಮ್ಮ ಡೌನ್‌ಟೈಮ್. ಪೋಸ್ಟ್‌ಗ್ರೆಸ್ ಬಳಸುವವರು ಈ ವಿಷಯದಲ್ಲಿ ಸುಖಿಗಳು, 10ನೇ ಆವೃತ್ತಿಯಿಂದ ಅದರಲ್ಲಿರುವ ಲಾಜಿಕಲ್ ರೆಪ್ಲಿಕೇಷನ್ ಬೇರೆ ಬೇರೆ ಆವೃತ್ತಿಗಳ ನಡುವೆಯೂ ನಡೆಯುತ್ತದೆ.

ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಯಾದಾಗ

ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳು ಒಂದೇ ಸಾಲಿನಲ್ಲಿ ದಾಟಿಬಿಡುವ, ಆದರೆ ಗುಜರಾತಿ, ಕನ್ನಡ ಬಳಸುವವರಿಗೆ ಜೀವನ್ಮರಣದ ವಿಷಯ ಇದು. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳ ಡೀಫಾಲ್ಟ್ ಅಕ್ಷರ ವ್ಯವಸ್ಥೆ ಲ್ಯಾಟಿನ್-1, ಅಂದರೆ ಯುರೋಪಿನ ಲಿಪಿ. 8.0ಯಿಂದ ಅದು ಯುಟಿಎಫ್8-ಎಂಬಿ4 ಆಯಿತು. ಹಿಂದೆ ಬಹಳಷ್ಟು ಕಡೆ ಟೇಬಲ್‌ಗೆ ಲ್ಯಾಟಿನ್-1 ಎಂಬ ಹಣೆಪಟ್ಟಿ ಇದ್ದರೂ, ಅದರೊಳಗೆ ಯೂನಿಕೋಡ್ ಗುಜರಾತಿ ಅಥವಾ ಕನ್ನಡವನ್ನೇ ತುಂಬಿಸಲಾಗಿದೆ. ಹಳೆಯ ಸಾಫ್ಟ್‌ವೇರ್ ಅದೇ ತಪ್ಪು ಹಣೆಪಟ್ಟಿಯೊಂದಿಗೆ ಬರೆದು, ಅದೇ ಹಣೆಪಟ್ಟಿಯೊಂದಿಗೆ ಓದುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸ ಸರ್ವರ್ ಹಣೆಪಟ್ಟಿಯನ್ನು ನಂಬಿ 'ಸರಿಪಡಿಸಲು' ಹೋಗುತ್ತದೆ. ಆಗ ಸದಸ್ಯರ ಹೆಸರು, ವಿಳಾಸ ಎಲ್ಲ ವಿಚಿತ್ರ ಅಕ್ಷರಗಳಾಗುತ್ತವೆ, ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ವಿಚಿತ್ರ ಅಕ್ಷರಗಳನ್ನು ಸಾಮಾನ್ಯವಾಗಿ ಹಿಂದಕ್ಕೆ ತರಬಹುದು. ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದುಹೋದದ್ದು ಮರಳಿ ಬರುವುದಿಲ್ಲ.

ಪರಿಹಾರ ಕಷ್ಟವಲ್ಲ. ಡಂಪ್ ತೆಗೆಯುವಾಗಲೂ ಲ್ಯಾಟಿನ್-1 ಎಂದೇ ಹೇಳಿ, ಬೈಟ್‌ಗಳನ್ನು ಇದ್ದಂತೆಯೇ ಹೊರತೆಗೆದು, ಆ ಫೈಲ್‌ನಲ್ಲಿ ಹಣೆಪಟ್ಟಿಯನ್ನು ಯುಟಿಎಫ್8-ಎಂಬಿ4 ಎಂದು ಬದಲಿಸಿ ತುಂಬಿಸಬೇಕು. ಹೊಸ ಸರ್ವರ್‌ನಲ್ಲಿ ಒತ್ತಕ್ಷರ ಇರುವ ಹತ್ತಿಪ್ಪತ್ತು ಹೆಸರು ಹುಡುಕಿ, ಕಣ್ಣಾರೆ ನೋಡಿ. 'ಲಕ್ಷ್ಮೀ' ನೆಟ್ಟಗೆ ಬಂದರೆ ಅರ್ಧ ಚಿಂತೆ ಕಳೆದಂತೆ.

ಇನ್ನು ಹಳೆಯ ಕೋಡ್ ಹೊಸ ಪಿಎಚ್‌ಪಿಯಲ್ಲಿ ಓಡುವುದೇ ಇಲ್ಲ ಎನ್ನುವ ಸಮಸ್ಯೆ. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7, ಮೈಎಸ್‌ಕ್ಯೂಎಲ್ ಜೊತೆ ಮಾತನಾಡುವ ಹಳೆಯ ಫಂಕ್ಷನ್‌ಗಳನ್ನೇ ತೆಗೆದುಹಾಕಿತು. ಕೋಡ್ ತಿದ್ದಲೇಬೇಕು, ಬೇರೆ ದಾರಿಯಿಲ್ಲ. ತಿದ್ದಲು ತಿಂಗಳುಗಟ್ಟಲೆ ಬೇಕೆಂದಾದರೆ, ಹಳೆಯ ಪಿಎಚ್‌ಪಿಯನ್ನು ಹೊಸ ಸರ್ವರ್‌ನಲ್ಲಿ ಒಂದು ಕಂಟೈನರ್‌ನೊಳಗೆ ಕೂಡಿಹಾಕಿ, ಹೊರಜಗತ್ತಿನ ಜೊತೆ ಹೊಸ ಎನ್‌ಜಿನ್‌ಎಕ್ಸ್ ಮೂಲಕವೇ ಮಾತನಾಡುವಂತೆ ಮಾಡಬಹುದು. ಇದು ತೇಪೆ ಅಷ್ಟೇ. ಕೋಡ್‌ನೊಳಗಿನ ದೋಷ ಅಲ್ಲೇ ಇರುತ್ತದೆ, ನೆಲ ಗೋಡೆಗಳು ಮಾತ್ರ ಹೊಸದು. ಆದರೂ ಏನೂ ಮಾಡದೆ ಕೂರುವುದಕ್ಕಿಂತ ವಾಸಿ ಎಂದೇ ಹೇಳಬೇಕು.

ಬದಲಾಯಿಸುವ ರಾತ್ರಿ

ನಿಮ್ಮ ತಾಣದ ಹೆಸರು ಯಾವ ಐಪಿ ವಿಳಾಸದಲ್ಲಿದೆ ಎಂಬುದನ್ನು ಇಂಟರ್ನೆಟ್ ಕಂಪನಿಗಳು ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಆ ಹೊತ್ತು ಎಷ್ಟೆಂದು ಹೇಳುವ ಟಿಟಿಎಲ್ ಬಹಳ ಕಡೆ 86,400 ಸೆಕೆಂಡ್, ಅಂದರೆ ಒಂದು ಪೂರ್ತಿ ದಿನ. ಬದಲಾವಣೆಗೆ ಎರಡು ದಿನ ಮೊದಲೇ ಅದನ್ನು 300 ಸೆಕೆಂಡ್‌ಗೆ ಇಳಿಸಿ. ಅದೇ ರಾತ್ರಿ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ ನೆನಪು ಆಗಲೇ ಎಲ್ಲೆಡೆ ಕೂತಿರುತ್ತದೆ.

ಅದಕ್ಕೂ ಮೊದಲು, ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್‌ನಲ್ಲಿ ತಾಣದ ಹೆಸರಿಗೆ ಹೊಸ ಐಪಿ ಬರೆದುಕೊಂಡರೆ, ನಿಮಗೊಬ್ಬರಿಗೆ ಮಾತ್ರ ಹೊಸ ಸರ್ವರ್ ಕಾಣುತ್ತದೆ. ಲೆಕ್ಕ ಬರೆಯುವವರನ್ನೇ ಕೂರಿಸಿ ಬಿಲ್, ರಸೀದಿ, ವರದಿ ಎಲ್ಲ ತೆಗೆಸಿ ನೋಡಿ. ಎಂಜಿನಿಯರ್ ಕಣ್ಣಿಗೆ ಬೀಳದ್ದು ಅವರಿಗೆ ಮೊದಲ ನಿಮಿಷದಲ್ಲೇ ಕಾಣುತ್ತದೆ.

ರಾತ್ರಿ 1 ಗಂಟೆಗೆ ಹಳೆಯ ತಾಣವನ್ನು ಓದಲು ಮಾತ್ರ ಎನ್ನುವ ಸ್ಥಿತಿಗೆ ತನ್ನಿ. ಹಳೆಯ ಸರ್ವರ್‌ನ ಕ್ರಾನ್ ಕೆಲಸಗಳನ್ನೆಲ್ಲ ನಿಲ್ಲಿಸಿ. ಇದನ್ನು ಮರೆತರೆ ಎರಡೂ ಸರ್ವರ್‌ಗಳು ಎಚ್ಚರವಿದ್ದು, ಒಬ್ಬನೇ ಗ್ರಾಹಕನಿಗೆ ಎರಡೆರಡು ಎಸ್‌ಎಂಎಸ್ ಹೋಗುತ್ತದೆ. ನಂತರ ಆರ್‌ಸಿಂಕ್‌ನ ಕೊನೆಯ ಸುತ್ತು. ರೆಪ್ಲಿಕೇಷನ್ ಪೂರ್ತಿ ಹಿಡಿದಿದೆಯೇ ನೋಡಿ, ಹೊಸ ಡೇಟಾಬೇಸ್ ಅನ್ನು ಸ್ವತಂತ್ರಗೊಳಿಸಿ. ಮುಖ್ಯ ಟೇಬಲ್‌ಗಳ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಎರಡೂ ಕಡೆ ತಾಳೆಯಾಗಬೇಕು. ಆಮೇಲೆ ಡಿಎನ್‌ಎಸ್ ಬದಲಿಸಿ.

ಟಿಟಿಎಲ್ ಅನ್ನು ಲೆಕ್ಕಿಸದ ಕೆಲವು ಸಂಪರ್ಕಗಳು ಮರುದಿನವೂ ಹಳೆಯ ಐಪಿಗೇ ಬರುತ್ತವೆ. ಅವರಿಗಾಗಿ ಹಳೆಯ ಸರ್ವರ್ ಅನ್ನು ಬರೀ ದಾರಿ ತೋರಿಸುವವನನ್ನಾಗಿ ಮಾಡಬೇಕು, ಬಂದ ಕೋರಿಕೆಯನ್ನೆಲ್ಲ ಹೊಸದಕ್ಕೆ ದಾಟಿಸುವ ಪ್ರಾಕ್ಸಿ. ಕೈಯಾರೆ ಕಟ್ಟಿದ ಅಪಾಚಿಯಲ್ಲಿ ಪ್ರಾಕ್ಸಿ ಮಾಡ್ಯೂಲ್ ಸೇರಿಸಿಯೇ ಇಲ್ಲದಿರಬಹುದು, ಪಟ್ಟಿ ಮಾಡುವಾಗಲೇ ನೋಡಿಟ್ಟುಕೊಳ್ಳಿ. ಎಲ್ಲ ಸರಿಹೋದರೆ ಗ್ರಾಹಕರಿಗೆ ಕಾಣುವ ಅಡಚಣೆ ಹತ್ತು, ಹದಿನೈದು ನಿಮಿಷ.

ಹಿಂದಕ್ಕೆ ಹೋಗುವ ದಾರಿ ಎಲ್ಲಿ ಮುಚ್ಚುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಹೊಸ ಸರ್ವರ್‌ನಲ್ಲಿ ಮೊದಲ ರಸೀದಿ ಬರೆದ ಕ್ಷಣದಿಂದ ಹಳೆಯದು ಹಿಂದುಳಿದಂತೆಯೇ. ಹೊಸ ಮೈಎಸ್‌ಕ್ಯೂಎಲ್‌ನಿಂದ ಹಳೆಯದಕ್ಕೆ ರೆಪ್ಲಿಕೇಷನ್‌ಗೆ ಅಧಿಕೃತ ಬೆಂಬಲವಿಲ್ಲ. ಆದ್ದರಿಂದ ರಾತ್ರಿ 3ರೊಳಗೆ ತಾಳೆಯಾಗದಿದ್ದರೆ ಹಳೆಯದನ್ನೇ ತೆರೆದು ಮನೆಗೆ ಹೋಗುವುದು ಎಂದು ಮೊದಲೇ ಮಾತಾಡಿಕೊಂಡಿರಬೇಕು. ನಿದ್ದೆಗಣ್ಣಿನಲ್ಲಿ ತೆಗೆದುಕೊಳ್ಳುವ ನಿರ್ಧಾರಗಳನ್ನು ನಂಬುವ ಹಾಗಿಲ್ಲ.

ಯಾವ ದಿನ ಒಳ್ಳೆಯದು?

ಗುಜರಾತ್‌ನವರಿಗೆ ಕ್ಯಾಲೆಂಡರ್ ಒಂದು ಉಡುಗೊರೆ ಕೊಟ್ಟಿದೆ. ದೀಪಾವಳಿಯಂದು ಚೋಪ್ಡಾ ಪೂಜೆ, ಅಂದರೆ ಹೊಸ ಲೆಕ್ಕದ ಪುಸ್ತಕಗಳ ಪೂಜೆ. ಮರುದಿನ ಬೇಸ್ತು ವರಸ್, ಗುಜರಾತಿ ಹೊಸ ವರ್ಷ. ಅಲ್ಲಿಂದ ಲಾಭ ಪಂಚಮಿಯವರೆಗೆ ಸೂರತ್‌ನ ಜವಳಿ ಮಾರುಕಟ್ಟೆಗಳು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ವಜ್ರದ ಘಟಕಗಳ ರಜೆ ಇನ್ನೂ ದೀರ್ಘ. ವರ್ಷವಿಡೀ ಹುಡುಕಿದರೂ ಸಿಗದ ನಾಲ್ಕೈದು ದಿನಗಳ ನಿಶ್ಶಬ್ದ ಅಲ್ಲಿ ತಾನಾಗಿಯೇ ಬರುತ್ತದೆ. ಕೆಲಸ ಮಾಡುವವರೂ ಊರಿಗೆ ಹೋಗಬೇಕು ಎನ್ನುವುದನ್ನು ಮರೆಯದಿದ್ದರಾಯಿತು. ಆ ದಿನಗಳಿಗೆ ಹೆಚ್ಚುವರಿ ಭತ್ಯೆ ಕೊಡುವುದು ನ್ಯಾಯ.

ಸಹಕಾರಿ ಬ್ಯಾಂಕ್, ಪತ್ತಿನ ಸಂಘಗಳಿಗೆ ಈ ಸೌಲಭ್ಯವಿಲ್ಲ. ಅವರು ಮಾರ್ಚ್ ತಿಂಗಳನ್ನು ಪೂರ್ತಿ ಬಿಡಬೇಕು. ಜಿಎಸ್‌ಟಿ ವಿವರ ಸಲ್ಲಿಸುವವರು ಪ್ರತಿ ತಿಂಗಳ 11 ಮತ್ತು 20ರ ಆಸುಪಾಸಿನ ದಿನಗಳನ್ನು ಬಿಟ್ಟು, ಎರಡನೇ ಶನಿವಾರದ ರಾತ್ರಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಪಟ್ಟಿ ಮಾಡುವಾಗ ಅಪರಿಚಿತ ಪ್ರೋಗ್ರಾಂ, ಗೊತ್ತಿಲ್ಲದ ಲಾಗಿನ್ ಕಂಡುಬಂದರೆ ಮಾತ್ರ ಅಪ್‌ಗ್ರೇಡ್ ಅಲ್ಲಿಗೆ ನಿಲ್ಲಿಸಿ. ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಭಾರತದೊಳಗೇ ಉಳಿಸಿಕೊಂಡಿರಬೇಕು. ಹಳೆಯ ಡಿಸ್ಕ್ ಆಗ ಸಾಕ್ಷ್ಯವೂ ಆಗುತ್ತದೆ, ಅಳಿಸುವಂತಿಲ್ಲ.

ಹಳೆಯ ಸರ್ವರ್ ಅನ್ನು ಯಾವಾಗ ಆರಿಸುವುದು? ಎರಡು ವಾರ ಪ್ರಾಕ್ಸಿಯಾಗಿ ಇದ್ದು, ಕೋರಿಕೆಗಳು ನಿಂತ ಮೇಲೆ ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು ಬಿಡಿ. ಸಿಸ್ಟಂ ಅಡ್ಮಿನ್‌ಗಳು ಇದನ್ನು ತಮಾಷೆಗೆ 'ಸ್ಕ್ರೀಮ್ ಟೆಸ್ಟ್' ಎನ್ನುತ್ತಾರೆ: ಯಾರು ಕೂಗುತ್ತಾರೆ ನೋಡುವುದು. ಒಂದು ವಾರ ಯಾರೂ ಕೂಗದಿದ್ದರೆ ಪವರ್ ತೆಗೆಯಬಹುದು. ಡಿಸ್ಕ್ ಅನ್ನು ಮಾತ್ರ ಮುಂದಿನ ಏಪ್ರಿಲ್‌ವರೆಗೆ ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆ ಮಾರ್ಚ್ 31ರ ರಾತ್ರಿ ಮಾತ್ರ ಓಡುವ ಯಾವುದೋ ಸ್ಕ್ರಿಪ್ಟ್ ಅದರೊಳಗೇ ಉಳಿದುಹೋಗಿರುವ ಸಾಧ್ಯತೆ ಇದ್ದೇ ಇದೆ.